ಕೆಂಪು ಚುಕ್ಕೆಯ ತಟ್ಟೆ

ಬುಧವಾರ, ಮಧ್ಯಾಹ್ನದ ಬಿಡುವಿನಲ್ಲಿ

ಅತ್ತೆಯವರಿಗೆ,

ದೂರದಿಂದಲೇ ನಮಸ್ಕಾರ. ಹತ್ತಿರ ಬಂದರೆ ನಿಮಗೆ ಕೈ ತೊಳೆಯುವ ಕೆಲಸ ಹೆಚ್ಚುತ್ತದೆ. ನಿಮ್ಮ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಇದನ್ನು ನಿಮ್ಮ ಮಗನೇ ಓದಿ ಹೇಳುತ್ತಿರುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕಷ್ಟದ ಸಾಲು ಬಂದರೆ ಹಾರಿಸುವುದು ಅವರ ಹಳೆಯ ಅಭ್ಯಾಸ. ಈ ಸಲ ಪೂರ್ತಿ ಓದಲಿ.

ನಾನು ಕ್ಷೇಮ. ಬೇಕರಿಯೊಂದರಲ್ಲಿ ಹಿಟ್ಟು ನಾದುತ್ತೇನೆ. ಹೌದು, ಇದೇ ಕೈಯಲ್ಲಿ. ಜನ ತಿನ್ನುತ್ತಾರೆ, ಇನ್ನೂ ಕೇಳಿಕೊಂಡು ಬರುತ್ತಾರೆ.

ನಿಮ್ಮ ಉಪಕಾರ ಮರೆತಿಲ್ಲ. ಗುಬ್ಬಿ ಹೊಟ್ಟೆಯಲ್ಲಿದ್ದಾಗ ನನಗೆ ಸಕ್ಕರೆ ಏರಿತ್ತು. ದಿನಾ ಬೆಳಿಗ್ಗೆ ಮಾವನವರದೂ ನಿಮ್ಮದೂ ನೋಡಿಕೊಂಡ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೆರಳು ಚುಚ್ಚಿ, ಹನಿ ತೆಗೆದು ನೋಡುತ್ತಿದ್ದಿರಿ. 'ನೋವಾಯ್ತೇನೇ?' ಎಂದು ಬೆರಳಿಗೆ ಊದುತ್ತಿದ್ದಿರಿ. ಹೆತ್ತವಳೂ ನನಗೆ ಹಾಗೆ ಊದಿದ್ದು ನೆನಪಿಲ್ಲ. ಒಂದೇ ಸೂಜಿಯನ್ನು ತಿಂಗಳುಗಟ್ಟಲೆ ಓಡಿಸುವ ನಿಮ್ಮ ಜಾಣತನವನ್ನು ಕಂಡವರ ಮುಂದೆಲ್ಲ ಹೊಗಳುತ್ತಿದ್ದೆ.

ಗುಬ್ಬಿಗೆ ಎರಡು ತುಂಬಿದ ಮೇಲೆ ನಾನು ರಕ್ತ ಕೊಡಲು ಹೋಗಿ, ಹೆಪಟೈಟಿಸ್ ಬಿ ಇದೆ ಎಂದು ಕೇಳಿಸಿಕೊಂಡು ಬಂದೆ. ಅಂದೇ ನನ್ನ ತಟ್ಟೆಗೆ ಉಗುರುಬಣ್ಣದಲ್ಲಿ ಕೆಂಪು ಚುಕ್ಕೆ ಇಟ್ಟಿರಿ. ತಟ್ಟೆ ಬಚ್ಚಲ ಕಿಟಕಿಗೆ ಹೋಯಿತು, ಅದರ ಹಿಂದೆ ನನ್ನ ಚಾಪೆಯೂ ಹೋಯಿತು. ನಿಮ್ಮ ಮಗನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ದಿನ, ಊಟಕ್ಕೆ ಕೂತವರೆಲ್ಲರ ಎದುರು ಕೇಳಿದಿರಿ: 'ಇವನಿಂದ ಬಂದಿಲ್ಲ ಅಂದ್ಮೇಲೆ, ಯಾರ ಹತ್ರ ತಂದೆ?' ನಿಮ್ಮ ಮಗ ನೀರು ಕುಡಿಯುತ್ತಿದ್ದರು. ಕುಡಿಯುತ್ತಲೇ ಇದ್ದರು. ನಾನು ಅವರನ್ನು ದ್ವೇಷಿಸಲು ಶುರುಮಾಡಿದ್ದು ಆ ಲೋಟದಿಂದ.

ಮನೆ ಬಿಟ್ಟು ಹೊರಟಾಗ, 'ಮಗುಗೂ ಅಂಟಿಸ್ಬೇಡ' ಎಂದು ಗುಬ್ಬಿಯನ್ನು ಒಳಗೆಳೆದು ಚಿಲಕ ಹಾಕಿದಿರಿ. ಅವಳಿಗೆ ಹುಟ್ಟಿದ ದಿನವೇ ಲಸಿಕೆ ಬಿದ್ದಿದೆ, ರಕ್ತ ಪರೀಕ್ಷೆಯಲ್ಲೂ ಏನೂ ಇಲ್ಲ, ಅವಳಿಗೆ ಭಯವಿಲ್ಲ ಎಂದು ಡಾಕ್ಟರು ನಿಮಗೇ ಹೇಳಿದ್ದರು. ನಿಮ್ಮ ಕಿವಿಗೆ ಬೇಕಾದದ್ದು ಮಾತ್ರ ಇಳಿಯುತ್ತದೆ.

ಇಲ್ಲಿಯೂ ಸುದ್ದಿ ಹಿಂದೆಯೇ ಬಂತು. ಬೇಕರಿಯ ಯಜಮಾನಿ ನನ್ನನ್ನು ಕೆಲಸದಿಂದ ಬಿಡಿಸುವ ಮೊದಲು ಒಬ್ಬ ನರ್ಸನ್ನು ಕರೆಸಿದಳು. ನನ್ನ ಮೇಲಿನ ಪ್ರೀತಿಯಿಂದಲ್ಲ, ನಾದುವವರು ಸಿಗುವುದಿಲ್ಲ ಎಂದು. ನರ್ಸಮ್ಮ ಎಲ್ಲರನ್ನೂ ಹಿಟ್ಟಿನ ಮೂಟೆಗಳ ಮೇಲೆ ಕೂರಿಸಿ ಪಾಠ ಮಾಡಿದಳು. ಜೊತೆಗೆ ಉಂಡರೆ ಬರುವುದಿಲ್ಲ, ಎಂಜಲು ಲೋಟದಿಂದ ಬರುವುದಿಲ್ಲ, ತಬ್ಬಿಕೊಂಡರೂ ಬರುವುದಿಲ್ಲ. ರಕ್ತದಿಂದ, ಗಂಡ ಹೆಂಡಿರ ಕೂಟದಿಂದ, ಹೆರುವಾಗ ತಾಯಿಯಿಂದ ಮಗುವಿಗೆ ಬರುತ್ತದೆ. ತಡೆಯಲು ಲಸಿಕೆ ಇದೆ. ಒಲೆ ನೋಡಿಕೊಳ್ಳುವವ 'ಸೊಳ್ಳೆ ಕಚ್ಚಿದ್ರೆ?' ಎಂದು ಎರಡು ಸಲ ಕೇಳಿ ಬೈಸಿಕೊಂಡ. ಆಮೇಲೆ ಎಲ್ಲರೂ ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಹಾಕಿಸಿಕೊಂಡರು. ನನಗೆ ಸದ್ಯ ಮಾತ್ರೆ ಬೇಡವಂತೆ, ಆಗಾಗ ತೋರಿಸಿಕೊಂಡಿದ್ದರೆ ಸಾಕಂತೆ. ಈಗ ಇಲ್ಲಿ ನನ್ನ ಲೋಟ ಯಾವುದೆಂದು ನನಗೇ ಗೊತ್ತಾಗುವುದಿಲ್ಲ.

ಭಾನುವಾರ ಗುಬ್ಬಿಯನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಅವಳ ಸ್ವೆಟರು, ಕಿವಿ ಹರಿದ ಆ ಬಟ್ಟೆಯ ಮೊಲ, ಎರಡನ್ನೂ ತೆಗೆದಿಡಿ. ಬಾಗಿಲು ತೆಗೆಯದಿದ್ದರೆ, ಕೆಳಗೆ ಬರೆದಿರುವುದನ್ನು ನಿಮ್ಮ ಹೊಸಿಲ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಹೇಳುತ್ತೇನೆ. ಗಂಟಲು ನಿಮ್ಮಿಂದಲೇ ಕಲಿತದ್ದು.

ಇಂತಿ,
ಬಚ್ಚಲ ಕಿಟಕಿಯ ಸೊಸೆ

ತಾ.ಕ.: ಬಸಿರಾದ ಹೊಸದರಲ್ಲಿ ಆಸ್ಪತ್ರೆಯವರು ನನಗೆ ಇದೇ ಪರೀಕ್ಷೆ ಮಾಡಿದ್ದರು. ಆಗ ನನ್ನ ರಕ್ತದಲ್ಲಿ ಏನೂ ಇರಲಿಲ್ಲ. ಬ್ಲೇಡು, ಸೂಜಿ ಹಂಚಿಕೊಳ್ಳಬೇಡಿ ಎಂದು ನರ್ಸಮ್ಮ ಹೇಳಿದಾಗ, ಸಕ್ಕರೆ ನೋಡುವ ಸೂಜಿಯೂ ಅದರಲ್ಲಿ ಸೇರಿತೇ ಎಂದು ಕೇಳಿದೆ. ಅವಳು ನನ್ನ ಬೆರಳು ಹಿಡಿದು ನೋಡಿದಳು. ಆ ದಾರಿಯಲ್ಲೇ ಬಂದಿರಬೇಕು ಎಂದಳು. ಯಾರ ಹತ್ತಿರ ತಂದೆ ಎಂದು ಕೇಳಿದ್ದಿರಲ್ಲ ಅತ್ತೆ? ನಿಮ್ಮ ಹತ್ತಿರ, ಇಲ್ಲವೇ ಮಾವನವರ ಹತ್ತಿರ. ನೀವು ಊದುತ್ತಿದ್ದ ಅದೇ ಬೆರಳಿನಿಂದ. ಸೂಜಿ ಎಸೆಯಿರಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ.

ಓದಿ ಹೇಳುತ್ತಿರುವವರಿಗೆ ಒಂದು ಮಾತು. ನಿಮ್ಮ ಅಮ್ಮನಿಗೆ ಇದೆಯೆಂದು ಬಂದರೆ, ಕಿಟಕಿಯಲ್ಲಿರುವ ನನ್ನ ತಟ್ಟೆಯನ್ನು ಅವರ ಮುಂದೆ ಇಡಬೇಡಿ. ತಟ್ಟೆಯಿಂದ ಬರುವುದಿಲ್ಲ.