ಇಬ್ಬರಿಂದಲೂ ಬಂದದ್ದು

ಮಣಿಪಾಲ
೨ ಏಪ್ರಿಲ್ ೧೯೬೯

ಸ್ವರ್ಣಲತಾಳ ತಂದೆಯವರಿಗೆ ಪ್ರಭಾವತಿಯ ನಮಸ್ಕಾರಗಳು.

ನಾನು ಮಗುವನ್ನು ಎತ್ತಿಕೊಂಡು ಓಡಿದೆನೆಂದು ನಿಮ್ಮ ತಮ್ಮ ಕಿಟ್ಟ ಮುಂಬಯಿಗೆ ತಂತಿ ಕೊಟ್ಟ. ಅವಳನ್ನು ಕಾಪುವಿನ ನಮ್ಮ ಮನೆಗೆ ಒಪ್ಪಿಸು, ಇಲ್ಲವೇ ಆ ಮನೆಯನ್ನು ಮರೆತುಬಿಡು ಎಂದು ನೀವು ಬರೆದಿರಿ. ಓಡಿದ್ದು ನಿಜ. ಕಾರಣ ಓದಿ, ಆಮೇಲೆ ಬೈಯಿರಿ.

ಸ್ವರ್ಣಳ ಕಣ್ಣಿನಲ್ಲಿ ಜಾರಿದ ಮಸೂರ ತೆಗೆಸಲು ನೀವು ಹೇಳಿದಂತೆಯೇ ಉಡುಪಿಯ ನರ್ಸಿಂಗ್ ಹೋಮಿಗೆ ಹೋದೆವು. ಕ್ಲೋರೋಫಾರಂ ಕೊಡಲು ಮಣಿಪಾಲದಿಂದ ಬಂದಿದ್ದ ಡಾಕ್ಟರ್ ಸೆಲೀನ್ ಮಗುವಿನ ನೀಳ ಬೆರಳುಗಳನ್ನು ನೋಡಿ, "ಇವಳಿಗೆ ಅಣ್ಣ, ತಮ್ಮ ಉಂಟಾ?" ಎಂದರು. ನಮ್ಮ ಮಗ ಹಯಗ್ರೀವನ ಕಣ್ಣೂ ಹೀಗೇ ಇತ್ತು, ಕಾಲು ಬಾತು ಉಸಿರುಕಟ್ಟಿ ತೀರಿಹೋದ ಎಂದೆ. ಅವರು ಕ್ಲೋರೋಫಾರಂ ಸೀಸೆ ಮುಚ್ಚಿದರು. "ಇವತ್ತು ಬೇಡ ಅಮ್ಮಾ. ಆಪರೇಷನ್ ಹೊತ್ತಿಗೆ ಇವಳ ರಕ್ತವೂ ಹೆಪ್ಪುಗಟ್ಟಬಹುದು. ಮೊದಲು ಮಣಿಪಾಲದಲ್ಲಿ ಪರೀಕ್ಷೆ ಆಗಲಿ" ಎಂದರು. ಕಿಟ್ಟ ಬಾಗಿಲಿಗೆ ಅಡ್ಡ ನಿಂತ. "ಅಣ್ಣ ಹೇಳಿಯಾಗಿದೆ. ನಿಮಗೆಂತ ಗೊತ್ತುಂಟು ಅತ್ತಿಗೆ?" ಎಂದ. ಅವನನ್ನು ತಳ್ಳಿ ಮಗುವಿನೊಂದಿಗೆ ಮಣಿಪಾಲದ ಬಸ್ಸು ಹತ್ತಿದೆ.

ಪರೀಕ್ಷೆಯ ಗಾಜಿನಲ್ಲಿ ಮದ್ದು ಬೆರೆಸಿದೊಡನೆ ಮಗುವಿನ ಮೂತ್ರ ಕಡುಗೆಂಪಾಯಿತು. ನಾವು ತಿನ್ನುವ ಬೇಳೆ, ಹಾಲಿನಿಂದ ಅಮೈನೋ ಆಮ್ಲಗಳು ರಕ್ತಕ್ಕೆ ಸೇರುತ್ತವಂತೆ. ಮೂತ್ರಪಿಂಡ ಅವುಗಳನ್ನು ಹಿಂದಕ್ಕೆ ಎಳೆದುಕೊಳ್ಳದಿದ್ದರೂ ಈ ಬಣ್ಣ ಬರುತ್ತದೆ; ಆಗ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ, ಅಷ್ಟೆ. ಆದರೆ ಅವುಗಳಲ್ಲೊಂದು ಅರಗದೆ ರಕ್ತದಲ್ಲೇ ತುಂಬಿಕೊಂಡರೆ ರಕ್ತನಾಳಗಳು ಕೆಡುತ್ತವೆ, ಹೃದಯದಲ್ಲೋ ಮಿದುಳಿನಲ್ಲೋ ರಕ್ತ ಹೆಪ್ಪುಗಟ್ಟುತ್ತದೆ. ಇನ್ನೊಂದು ಪರೀಕ್ಷೆ ಮುಗಿಯುವವರೆಗೆ, ಕಲ್ಲೇ ಆಗಲಿ ದೇವರೇ ಎಂದು ಬೇಡಿದೆ. ತಾಯಿಯೊಬ್ಬಳು ಮಗುವಿಗೆ ಇಂಥದ್ದನ್ನು ಬೇಡುವುದುಂಟೇ?

ಎರಡನೆಯದೇ ಆಗಿತ್ತು.

ಹಯಗ್ರೀವ ಹೋದಾಗ "ನಿನ್ನ ಹೊಟ್ಟೆಯ ದೋಷ" ಎಂದಿರಿ. ನಾನೂ ನಂಬಿದ್ದೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಈ ಕಾಯಿಲೆ ಮಗುವಿಗೆ ಆಗುವುದಂತೆ. ನೀವು ನನ್ನ ಸೋದರಮಾವನ ಮಗ, ಇಬ್ಬರದೂ ಒಂದೇ ರಕ್ತ, ನೆನಪಿರಲಿ.

ಒಂದು ವಿಟಮಿನ್ ಮಾತ್ರೆ ಕೆಲವು ಮಕ್ಕಳಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ ಎಂದು ಹೇಳಿ ಸ್ವರ್ಣಳಿಗೆ ಅದನ್ನು ಕೊಡುತ್ತಿದ್ದರು. ಇವತ್ತು ಮತ್ತೆ ಪರೀಕ್ಷೆ ಮಾಡಿದರು. ಗಾಜನ್ನು ಬೆಳಕಿಗೆ ಹಿಡಿದ ಸೆಲೀನ್ ನನ್ನನ್ನು ಕರೆದು ತೋರಿಸಿದರು. ಬರೀ ತೆಳು ಗುಲಾಬಿ! ಮಾತ್ರೆ ಹಿಡಿಸಿದೆ. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಕಣ್ಣಿನ ಆಪರೇಷನ್ ಮುಂದೆ ಎಚ್ಚರಿಕೆಯಿಂದ ಮಾಡಬಹುದಂತೆ.

ನಾಳೆ ಸ್ವರ್ಣಳೊಂದಿಗೆ ಕಾರ್ಕಳದ ತವರಿಗೆ ಹೋಗುತ್ತೇನೆ. ಅವಳನ್ನು ಯಾರಿಗೂ ಒಪ್ಪಿಸುವುದಿಲ್ಲ.

ಇತಿ,
ಪ್ರಭಾವತಿ

ವಿ.ಸೂ.: ಮಕರ ಸಂಕ್ರಾಂತಿಗೆ ನೀವು ಬಂದು ಹೋದ ಮೇಲೆ ನಾನು ಮತ್ತೆ ಬಸುರಿ. ಅತ್ತೆಗೂ ಹೇಳಿಲ್ಲ. ಇದಕ್ಕೂ ಕಾಯಿಲೆ ಬರಬಹುದು, ಬರದೆಯೂ ಇರಬಹುದು. ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿಸುತ್ತೇನೆ. ಆಗ ನೀವು ಪಕ್ಕದಲ್ಲಿದ್ದರೆ ನನಗೆ ಧೈರ್ಯ.