ಮ್ಯಾಂಪಾಂಗ್ ಶಾಖೆಗೆ ಒಂದು ಅಪ್ಪಣೆ

ಮಾರ್ಚ್ 3, ಬೆಳಿಗ್ಗೆ. ಕುಮಾಸಿ

ಅಬ್ರಫಿ, ಮಗಳೇ, ಹೇಗಿದ್ದೀಯ? ನಿನ್ನ ಗಂಡ ಬಡುವಿನ ಮಂಡಿನೋವು? ಅವಳಿಗಳು ಪಾನಿನ್, ಕಾಕ್ರಾ — ಕೆಮ್ಮು ಬಿಟ್ಟಿತೆ? ಇದು ಕಳಿಸುವ ಕಾಗದವಲ್ಲ, ಡೈರಿ. ನಿನ್ನ ಅಮ್ಮನ ಮಣ್ಣಿಗೆ ಬರಲಿಲ್ಲವೆಂದು ಈ ಸೋದರಮಾವನ ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ. ಆದರೂ ನಿನ್ನ ಹೆಸರು ಬರೆಯದೆ ಕೈ ಓಡದು.

ಬ್ಯಾಂಕಿನ ಹೊಸ ಕೆಲಸ ಶುರು. ಲೈನಿನಲ್ಲಿ ಏನು ಹೋಗಬಹುದು, ಏನು ಕೂಡದು ಎಂದು ತಡೆಯಲು ಶಾಖೆಗೊಂದು ಫೈರ್‌ವಾಲ್ ಕಾವಲಿದೆ. ಆ ಕಾವಲುಗಳಿಗೆಲ್ಲ ಇಲ್ಲಿಂದಲೇ ಅಪ್ಪಣೆ ಕೊಡುವ ಯಂತ್ರ ಕೂರಿಸಬೇಕು. ಯಂತ್ರವೆಂದರೂ ಪೆಟ್ಟಿಗೆಯಿಲ್ಲ. ಲಿನಕ್ಸ್ ಸರ್ವರ್‌ನ ಹೊಟ್ಟೆಯೊಳಗೆ ಫೈಲಾಗಿ ಬದುಕುವ ವರ್ಚುವಲ್ ಮಶೀನ್. ಫೈಲ್ ಇಳಿಯುತ್ತಿದೆ, ಆಮೆ ನಡಿಗೆ.

ಇದರ ಹೆಸರಲ್ಲೇ ಮ್ಯಾನೇಜರ್ ಟ್ವುಮಾಸಿ ನಿನ್ನ ಅಮ್ಮನ ಮಣ್ಣಿನ ವೇಳೆಗೆ ನನ್ನ ರಜೆ ಕಿತ್ತುಕೊಂಡದ್ದು. "ಪೆಟ್ಟಿಗೆ ಮುಚ್ಚೋ ಮುಂಚೆ ಅಕ್ಕನ ಬಾಯಿಗೆ ನೀರು ಬಿಡಬೇಕಾದವನು ತಮ್ಮನಾದ ನಾನೇ" ಎಂದೆ.

"ತಾತಾ, ಸತ್ತೋರಿಗೇನು ಅರ್ಜೆಂಟು? ಶನಿವಾರ ಸರ್ವರ್ ಬರುತ್ತೆ. ಹೋಗೋದಾದ್ರೆ ವಾಪಸ್ ಬರ್ಬೇಡಿ."

ಆ ಶನಿವಾರ ಸರ್ವರ್ ಬರಲೇ ಇಲ್ಲ.

ಮಾರ್ಚ್ 5, ಸಂಜೆ

ಮೊದಲ ಸಲ ಆನ್ ಮಾಡಿದೆ, ಎದ್ದಿತು, ಆದರೆ ಕುರುಡು — ಯಾವ ಶಾಖೆಯೂ ಕಾಣದು. ಯಂತ್ರವನ್ನು ಹೊರಗಿನ ತಂತಿಗೆ ಸೇರಿಸುವ ಸೇತುವೆ, ಸರ್ವರ್‌ನೊಳಗಿನ ನೆಟ್‌ವರ್ಕ್ ಬ್ರಿಡ್ಜ್, ಅದನ್ನು ತಪ್ಪು ತಂತಿಗೆ ಕಟ್ಟಿದ್ದೆ. ಬಿಚ್ಚಿ ಕಟ್ಟಿದೆ. ಪರದೆಯಲ್ಲಿ ಶಾಖೆಗಳು ಒಂದೊಂದಾಗಿ ಹಸಿರಾದವು.

ಕ್ಯಾಷಿಯರ್ ಆಫ್ರಿಯೆ ಇಣುಕಿದಳು. "ಏನ್ ಮಾವಾ, ಹೆಂಡ್ತೀನೂ ಹೀಗೆ ದಿಟ್ಟಿಸಿ ನೋಡಿರ್ಲಿಕ್ಕಿಲ್ಲ ನೀವು."

"ಅವಳು ನನ್ನ ಮಾತು ಕೇಳ್ತಿರ್ಲಿಲ್ಲ ಕಣಮ್ಮ. ಇದು ಕೇಳುತ್ತೆ."

ಟ್ವುಮಾಸಿಯ ಮಾವ ತೀರಿಕೊಂಡಿದ್ದಾರೆ. ಶನಿವಾರ ಮ್ಯಾಂಪಾಂಗ್‌ನಲ್ಲಿ ಮಣ್ಣು. ಸತ್ತವರ ಮನೆ ಅಲ್ಲಿನ ನಮ್ಮ ಶಾಖೆಗೆ ಅಂಟಿಕೊಂಡೇ ಇದೆ. ಶಾಖೆಯ ಇಂಟರ್‌ನೆಟ್ ಲೈನಿನಲ್ಲೇ ಹ್ಯಾಂಬರ್ಗ್‌ನ ನೆಂಟರಿಗೆ ವಿಡಿಯೋ ತೋರಿಸುತ್ತಾನಂತೆ. "ತಾತಾ, ಶನಿವಾರ ಆಫೀಸಲ್ಲಿದ್ದು ಲೈನ್ ನೋಡ್ಕೊಳ್ಳಿ."

ನೋಡಿಕೊಳ್ಳುತ್ತೇನೆ. ಚೆನ್ನಾಗಿಯೇ.

ಮಾರ್ಚ್ 7, ಬೆಳಿಗ್ಗೆ

ಆಫೀಸು ಖಾಲಿ. ಎಲ್ಲರೂ ಸೂತಕದ ಕಪ್ಪು-ಕೆಂಪು ಉಟ್ಟು ಮ್ಯಾಂಪಾಂಗ್‌ಗೇ. ಅಕ್ಕನ ಮಣ್ಣಿಗೆ ಇವರಲ್ಲಿ ಒಬ್ಬರೂ ಹೋಗಲಿಲ್ಲ. ಆ ವಿಡಿಯೋ ನನ್ನ ಪರದೆಯ ಮೇಲೂ ಇದೆ, ಮುದುಕನ ಶವಪೆಟ್ಟಿಗೆ ತೆರೆದಿದೆ. ನೀರಿನ ಲೋಟ ಬಂತು. ಅಪ್ಪಣೆ ಬರೆದೆ: ಮ್ಯಾಂಪಾಂಗ್, ವಿಡಿಯೋ ಬಂದ್. ಒತ್ತಿದೆ. ಚಿತ್ರ ಕಲ್ಲಾಯಿತು.

ಟ್ವುಮಾಸಿಯ ಫೋನು. "ಲೈನ್ ಹೋಯ್ತು, ಹಿರಿಯರೇ. ದಯವಿಟ್ಟು."

ಹಿರಿಯರೇ ಅಂತೆ. "ನೋಡ್ತಿದೀನಿ" ಎಂದೆ. ಕೆಂಕೆಯ, ಅದೇ ಮೆಕ್ಕೆಜೋಳದ ಕಡುಬಿನ, ಸಿಪ್ಪೆ ಬಿಚ್ಚಿ ಮೀನಿನ ಜೊತೆ ನಿಧಾನವಾಗಿ ತಿಂದೆ. ಇಷ್ಟು ರುಚಿ ಅಕ್ಕ ಹೋದಾಗಿನಿಂದ ನಾಲಿಗೆಗೆ ಹತ್ತಿರಲಿಲ್ಲ, ಅಬ್ರಫಿ.

ಮತ್ತೆ ಫೋನು. ಹ್ಯಾಂಬರ್ಗ್‌ನಿಂದ, ಗುರುತಿಲ್ಲದ ದನಿ. "ಅಣ್ಣಾ, ನಾನು ಡಪಾ, ಸತ್ತೋರ ತಮ್ಮ. ಟ್ವುಮಾಸಿ ನಿಮ್ಮ ನಂಬರ್ ಕೊಟ್ಟ. ಕೆಲಸದಿಂದ ಬಿಡ್ಲಿಲ್ಲ ನನ್ನ. ಪೆಟ್ಟಿಗೆ ಮುಚ್ಚೋ ಮುಂಚೆ ಒಂದ್ಸಲ ಮುಖ ತೋರಿಸ್ತೀರಾ?"

ಕೈ ತೊಳೆಯದೆಯೇ ಅಪ್ಪಣೆ ಅಳಿಸಿದೆ. ಚಿತ್ರ ಮರಳಿತು. ಪೆಟ್ಟಿಗೆ ಮುಚ್ಚಿತ್ತು.

"ಇರ್ಲಿ ಅಣ್ಣಾ" ಎಂದಿತು ಆ ದನಿ. "ನಿಮ್ಮ ಕೈಲಾದಷ್ಟು ಮಾಡಿದ್ರಿ. ದೇವರು ಒಳ್ಳೇದು ಮಾಡ್ಲಿ."

ಮಾರ್ಚ್ 8

ಚರ್ಚಿಗೆ ಹೋಗಲಿಲ್ಲ. ಟ್ವುಮಾಸಿಯ ಮೇಲಿನ ಸಿಟ್ಟು ಆರಿಲ್ಲ. ಆರುವುದೂ ಬೇಡ. ಆದರೆ ಏಟು ಬಿದ್ದದ್ದು ಅವನಿಗಲ್ಲ.

ಅಬ್ರಫಿ, ಈ ಹಾಳೆಗಳನ್ನು ಡೈರಿಯಿಂದ ಹರಿದು ನಿಮ್ಮೂರು ಟೆಚಿಮಾನ್‌ಗೆ ಬರುವ ಬಸ್ಸಿನವನ ಕೈಗೆ ಕೊಡುತ್ತೇನೆ. ನನಗಾಗಿ ಅಕ್ಕನ ಮುಖ ಮುಚ್ಚದೆ ಕಾದಿರಾ? ನೀರು ಯಾರು ಬಿಟ್ಟರು? ಬೈದಾದರೂ ಸರಿ, ಬೇಗ ಬರೆ, ಮಗಳೇ. ನೀನು ಬರೆಯದಿದ್ದರೆ ನಾನು —