ಬಾಯಿ ಇನ್ನೂ ಇಲ್ಲದ ಕರಡಿ

ಸೊನ್ನೆಬೆರ್ಗ್,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಇನ್ನೂ ಹೆಸರಿಲ್ಲದ ನನ್ನ ಮರಿಮಗುವಿಗೆ,

ನೀನು ಹೆಣ್ಣೋ ಗಂಡೋ ನನಗೆ ಗೊತ್ತಿಲ್ಲ. ನಿನ್ನ ಅಪ್ಪ ಅಮ್ಮನಿಗೆ ಗೊತ್ತಿದೆ. ಕೇಳಿದರೆ ಹೇಳುತ್ತಾರೆ, ಆದರೆ ನಾನು ಕೇಳುವುದಿಲ್ಲ. ಬರುವವರು ಬಂದು ತಾವೇ ಮುಖ ತೋರಿಸಲಿ ಎನ್ನುವವಳು ನಾನು. ನಾನು ರೋಸ್ವಿತಾ, ನಿನ್ನ ಅಮ್ಮ ರೀಕೆಯ ಅಜ್ಜಿ, ಈ ಮನೆಯ ಹಿರಿಯಳು. ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿದ್ದಾರೆ, ಪೆನ್ನನ್ನು ಉಳಿದ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಮುಂದೆ ಯಾವತ್ತಾದರೂ ನಗಬೇಡ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಗು ಹುಟ್ಟುವ ಮೊದಲು ಮನೆಯ ಹಿರಿಯ ಹೆಂಗಸು ಅದಕ್ಕೊಂದು ಕರಡಿ ಬೊಂಬೆ ಹೊಲಿಯಬೇಕು. ಕೈ, ಕಾಲು, ಕಿವಿ, ಕಣ್ಣು, ಮೂಗು ಎಲ್ಲ ಸಿದ್ಧವಿರಬೇಕು. ಬಾಯಿ ಮಾತ್ರ ಇರಬಾರದು. ಮಗು ಹುಟ್ಟಿದ ಮೇಲೆ ಅದರ ಮುಖ ನೋಡಿ, ಕಪ್ಪು ದಾರದಲ್ಲಿ ಬಾಯಿ ಹೊಲಿಯುತ್ತೇವೆ. ನನ್ನ ಅತ್ತೆ ಅಲ್ಮಾ ಇದನ್ನು ಕಲಿಸಿದ್ದು. ಹಗಲೆಲ್ಲ ಬೊಂಬೆ ವ್ಯಾಪಾರಿಗೆಂದು ಒಂದೇ ಅಚ್ಚಿನ ಬಾಯಿಗಳನ್ನು ಹೊಲಿದು ಹೊಲಿದು ಬೇಸತ್ತಿದ್ದ ಹೆಂಗಸು ಆಕೆ. ಮನೆಯ ಮಗುವಿಗಾದರೂ ಅದರದ್ದೇ ಬಾಯಿ ಇರಲಿ ಅನ್ನುತ್ತಿದ್ದಳು. ನಿನ್ನ ಅಮ್ಮನ ಕರಡಿಯ ಬಾಯಿ ಎಡಕ್ಕೆ ಸ್ವಲ್ಪ ಜಾರಿದೆ, ಏಕೆಂದರೆ ಅವಳು ಹಾಗೆಯೇ ಮುಖ ಸೊಟ್ಟ ಮಾಡಿಕೊಂಡು ಈ ಲೋಕಕ್ಕೆ ಬಂದಳು. ಇವತ್ತಿಗೂ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅದೇ ಬಾಯಿ.

ನಾನು ಹೊಲಿದ ಮನೆಯ ಕರಡಿಗಳೆಲ್ಲ ಮೊಹೇರ್ ಬಟ್ಟೆಯವು. ಆಡಿನ ಕೂದಲಿನಿಂದ ನೇಯ್ದ ಬಟ್ಟೆ ಅದು, ಒಳಗೆ ಸಣ್ಣಗೆ ಹೆರೆದ ಮರದ ಎಳೆ ತುಂಬಿದರೆ ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತದೆ. ನಾನು ದುಡಿಯುತ್ತಿದ್ದ ಈ ಊರಿನ ಬೊಂಬೆ ಕಾರ್ಖಾನೆಯಲ್ಲಿ ಒಮ್ಮೆ ನನ್ನನ್ನು ಕೃತಕ ಫರ್ ಕತ್ತರಿಸುವ ಮೇಜಿಗೆ ಹಾಕಿದ್ದರು. ಮಧ್ಯಾಹ್ನದೊಳಗೆ ಮೇಲ್ವಿಚಾರಕನ ಕೋಣೆಗೆ ಹೋಗಿ, ಈ ಪ್ಲಾಸ್ಟಿಕ್ ಕೂದಲನ್ನು ಮುಟ್ಟಲು ನಾನು ಸೂಜಿ ಹಿಡಿದಿಲ್ಲ ಎಂದು ಹೇಳಿ, ಹೊರದೇಶಕ್ಕೆ ಹೋಗುವ ಮೊಹೇರ್ ಕರಡಿಗಳ ಮೇಜಿಗೆ ವಾಪಸ್ಸು ಬಂದು ಕೂತೆ. ಆಮೇಲೆ ಆ ಮೇಜಿನಿಂದ ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಅಂಥವಳ ಮುಂದೆ ಬಂದು ನಿನ್ನ ಅಮ್ಮ, ನಿನ್ನ ಕರಡಿ ಮೊಹೇರ್‌ನದ್ದಾಗಕೂಡದು ಎಂದಳು. ತೊಳೆಯಲು ಬರಬೇಕಂತೆ. ಮರದ ಎಳೆಯೂ ಬೇಡವಂತೆ. ಕೃತಕ ಫರ್ ಆಗಬೇಕಂತೆ. ಅವಳು ಊರಿನ ಬಸ್ ಓಡಿಸುತ್ತಾಳೆ. ಬ್ರೇಕು, ಗೇರುಗಳ ಬಗ್ಗೆ ಅವಳು ಹೇಳಿದರೆ ಕೇಳುತ್ತೇನೆ, ಕರಡಿಯ ಬಗ್ಗೆ ಯಾಕೆ ಕೇಳಬೇಕು? ಹಾಗೆಂದೇ ಹೇಳಿದೆ. ಅವಳ ಬಾಯಿ ಎಡಕ್ಕೆ ಜಾರಿತು. ಹಾಗಾದರೆ ಅಂಗಡಿಯಿಂದ ಒಂದು ತರುತ್ತೇನೆ ಎಂದಳು. ಅಂಗಡಿಯ ಕರಡಿ ಈ ಮನೆಯ ತೊಟ್ಟಿಲಲ್ಲಿ ಯಾವತ್ತೂ ಮಲಗಿಲ್ಲ, ನಾನಿರುವ ತನಕ ಮಲಗುವುದೂ ಇಲ್ಲ ಎಂದೆ. ಇಬ್ಬರೂ ಊಟದ ತಟ್ಟೆಯಲ್ಲಿದ್ದ ಆಲೂಗಡ್ಡೆ ಉಂಡೆ ತಿಂದೆವು.

ಆಮೇಲೆ ಅವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಅಜ್ಜಿ, ನನ್ನ ಕರಡಿಗೆ ನಾನು ಗಾಜಿನ ಹೊರಗಿಂದಾನೇ ಗುಡ್ ನೈಟ್ ಹೇಳ್ತಾ ಬೆಳೆದೆ. ನನ್ನ ಮಗು ತನ್ನ ಕರಡೀನ ತಬ್ಕೊಂಡು ಮಲಗ್ಲಿ."

ನಿಜ. ಮೊಹೇರ್ ಹತ್ತಿರ ಬಂದರೆ ರೀಕೆಗೆ ಉಸಿರು ಕಟ್ಟುತ್ತದೆ. ತೊಟ್ಟಿಲಿನಲ್ಲೇ ಅದು ಗೊತ್ತಾಗಿ, ಅವಳ ಕರಡಿಯನ್ನು ಗಾಜಿನ ಕಪಾಟಿನಲ್ಲಿ ಇಟ್ಟೆವು. ಮಲಗುವ ಮುಂಚೆ ಆ ಪುಟ್ಟ ಹುಡುಗಿ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು. ಗಾಜಿನ ಮೇಲೆ ಉಳಿಯುತ್ತಿದ್ದ ಆ ಮೂಗಿನ ಗುರುತನ್ನು ದಿನಾ ಬೆಳಗ್ಗೆ ಒರೆಸುತ್ತಿದ್ದವಳು ನಾನೇ. ನಾನು ತಟ್ಟೆಗಳನ್ನು ಎತ್ತಿಟ್ಟು, ಫರ್ ಯಾವ ಬಣ್ಣದ್ದು ಬೇಕು ಎಂದು ಕೇಳಿದೆ. ಕಾಯಿಸಿದ ಸಕ್ಕರೆಯ ಬಣ್ಣ ಎಂದಳು.

ಬಟ್ಟೆ ಬಂತು. ಅದರ ಹಿಂಬದಿಯಲ್ಲಿ ರಟ್ಟಿನ ಅಚ್ಚುಗಳನ್ನಿಟ್ಟು ಗೆರೆ ಎಳೆದೆ. ಕೂದಲು ಮಲಗಿದ ದಿಕ್ಕಿಗೆ ಬಾಣದ ಗುರುತು ಹಾಕಿದೆ, ತಲೆಯಿಂದ ಪಾದದ ಕಡೆಗೆ. ಕತ್ತರಿಯ ತುದಿಯನ್ನು ಕೂದಲಿನ ಅಡಿಗೆ ತೂರಿಸಿ ಬುಡದ ಬಟ್ಟೆಯನ್ನಷ್ಟೇ ಕತ್ತರಿಸಿದೆ; ಕೂದಲನ್ನೂ ಸೇರಿಸಿ ಕಚಕ್ಕೆಂದು ಕತ್ತರಿಸಿದರೆ ಹೊಲಿಗೆಯ ಸುತ್ತ ಬೋಳು ದಾರಿ ಬೀಳುತ್ತದೆ. ಅಷ್ಟು ಜಾಗ್ರತೆ ಮಾಡಿದರೂ ತುಪ್ಪಳ ಹಾರಿ ನನ್ನ ಕಾಫಿಯಲ್ಲಿ, ಹುಬ್ಬಿನಲ್ಲಿ, ಬೆಣ್ಣೆಯಲ್ಲಿ ಕೂತಿತು. ಹೆಬ್ಬೆರಳು ಆಗಲೇ ನೋಯುತ್ತಿತ್ತು. ಹೊಲಿದೆ, ತಿರುಗಿಸಿದೆ, ಬಿಳಿ ಪಾಲಿಯೆಸ್ಟರ್ ಹತ್ತಿಯನ್ನು ನನ್ನ ಅಭ್ಯಾಸದಂತೆ ಕೋಲಿನಿಂದ ಗಿಡಿದು ಗಿಡಿದು ತುಂಬಿದೆ.

ಕರಡಿ ಊದಿಕೊಳ್ಳುತ್ತ ಹೋಯಿತು. ತುಂಬಿದಷ್ಟೂ ಜಾಗ ಕೊಡುತ್ತಿತ್ತು. ಕುತ್ತಿಗೆ ಉದ್ದವಾಯಿತು, ಹೊಟ್ಟೆ ತೊಡೆಯ ಮೇಲೆ ಬಂದು ಕೂತಿತು. ಮೊಹೇರ್ ನೇಯ್ದ ಬಟ್ಟೆ, ಎಷ್ಟು ಒತ್ತಿದರೂ ತನ್ನ ಅಳತೆ ಬಿಡುವುದಿಲ್ಲ. ಈ ಫರ್‌ನ ಬುಡ ಹೆಣೆದದ್ದು, ಬನಿಯನ್ನಿನಂತೆ ಹಿಗ್ಗುತ್ತದೆ. ನಿನ್ನೆ ಮೊನ್ನೆ ಸೂಜಿ ಹಿಡಿದವರಾಗಿದ್ದರೆ ಕತ್ತರಿಸುವ ಮೊದಲು ಬಟ್ಟೆಯನ್ನು ಒಮ್ಮೆ ಎಳೆದು ನೋಡುತ್ತಿದ್ದರು. ನನ್ನಂಥವಳು ಯಾಕೆ ಎಳೆದು ನೋಡುತ್ತಾಳೆ?

ಆ ಹೊತ್ತಿಗೇ ನಿನ್ನ ಅಮ್ಮ ನಿನ್ನನ್ನು ಹೊತ್ತುಕೊಂಡು ಒಳಗೆ ಬಂದಳು. ಕರಡಿಯನ್ನು ನೋಡಿದಳು, ತನ್ನ ಹೊಟ್ಟೆಯನ್ನು ನೋಡಿಕೊಂಡಳು. "ಅಜ್ಜಿ, ಇದಕ್ಕೆ ಯಾವ ತಿಂಗಳು?" ಎಂದಳು. ನಿನ್ನ ಅಪ್ಪ ಮಿರ್ಕೊ ಹಿಂದೆಯೇ ಬಂದವನು, ಇದರೊಳಗೆ ಅವಳಿ ಇರಬೇಕು ಎಂದ. ನಗುವುದು ಮುಗಿದರೆ ಬಾಗಿಲು ಹಾಕಿಕೊಂಡು ಹೋಗಿ ಎಂದೆ. ಮಿರ್ಕೊ ಹೋದ. ರೀಕೆ ಹೋಗಲಿಲ್ಲ. ನನ್ನ ಹೆಬ್ಬೆರಳು ಊದಿ ಬದನೆಕಾಯಿಯಾಗಿದ್ದನ್ನು ನೋಡಿ, ಕೋಟು ಹಾಕಿಸಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ನೀನು ಬರುವವರೆಗೆ, ಬಂದ ಮೇಲೂ ಬಹಳ ದಿನ, ಈ ಕೈ ಸೂಜಿ ಹಿಡಿಯಕೂಡದು ಎಂದು ಡಾಕ್ಟರು ಪಟ್ಟಿ ಕಟ್ಟಿದರು.

ವಾಪಸ್ಸು ಬರುವ ದಾರಿಯುದ್ದಕ್ಕೂ, ಈ ಮನೆಯಲ್ಲಿ ಕರಡಿಯಿಲ್ಲದೆ ಹುಟ್ಟುವ ಮೊದಲ ಮಗು ನೀನಾಗುತ್ತೀಯ ಎಂಬುದೊಂದೇ ತಲೆಯಲ್ಲಿತ್ತು. ನಿನ್ನ ಅಮ್ಮ ಗುಂಡಿ ಹೊಲಿದರೂ ಅದು ಎರಡನೇ ದಿನಕ್ಕೆ ಸೂಪಿನಲ್ಲಿ ಬೀಳುತ್ತದೆ. ಆದರೆ ಮನೆಗೆ ಬಂದವಳೇ ಅವಳು ಉಳಿದ ಫರ್ ಅನ್ನು ಮೇಜಿನ ಮೇಲೆ ಹರಡಿ, ಎರಡೂ ಕಡೆ ಎಳೆದು ನೋಡಿ ಹೇಳಿದಳು: "ನಮ್ಮ ಬಸ್ ಸೀಟು ಹರಿದ್ರೆ ಒಳಗೆ ಇನ್ನೊಂದು ಬಟ್ಟೆ ಕಾಣತ್ತೆ, ಅಜ್ಜಿ. ಅದಕ್ಕೇ ಅಷ್ಟು ಜನ ಕೂತ್ರೂ ಜೋಲಲ್ಲ. ಇದಕ್ಕೂ ಹಿಂದೆ ಏನಾದ್ರೂ ಕೊಟ್ರೆ?"

ನಾನು ಎದ್ದು ಹೋಗಿ ಅಲ್ಮಾಳ ಹಳೆಯ ಹತ್ತಿ ಹಾಸುಹೊದಿಕೆ ತಂದು ಅವಳ ಮುಂದೆ ಹಾಕಿದೆ. ಒಗೆದೂ ಒಗೆದೂ ಮೆತ್ತಗಾದ ಬಟ್ಟೆ, ಆದರೆ ಹಿಗ್ಗುವುದಿಲ್ಲ. ಕೂತ್ಕೋ, ನಾನು ಹೇಳಿದ ಹಾಗೆ ಹೊಲಿ ಎಂದೆ.

ಆಮೇಲಿನ ದಿನಗಳನ್ನು ನೀನೂ ಕೇಳಿಸಿಕೊಂಡಿರಬೇಕು, ಒಳಗಿದ್ದೆಯಲ್ಲ. ಬಲಗಿವಿಯ ಕೂದಲು ಮೇಲ್ಮುಖವಾಗಿದೆ ಎಂದು ಬಿಚ್ಚಿಸಿದೆ. ಹೊಲಿಗೆಯಲ್ಲಿ ಬಸ್ಸೇ ತೂರುವಷ್ಟು ಸಂದಿದೆ ಎಂದು ಬಿಚ್ಚಿಸಿದೆ. ಕಣ್ಣು ಮುಚ್ಚಿ ಅಂಗೈಯಿಂದ ಸವರು, ಎಲ್ಲಿ ಕೂದಲು ನಿನ್ನ ಕೈಯನ್ನು ತಡೆಯುತ್ತದೋ ಅಲ್ಲಿ ತಪ್ಪಿದೆ ಎಂದೆ. ಒಂದು ಸಂಜೆ ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿ, ಅಜ್ಜಿ, ನಿನ್ನ ಹತ್ತಿರ ಕಲಿಯುವುದಕ್ಕಿಂತ ಹೆರುವುದು ಸುಲಭ ಎಂದಳು. ಹೆತ್ತು ನೋಡು, ಆಮೇಲೆ ಹೇಳು ಎಂದೆ. ಮರುದಿನ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬಂದು ಕೂತಳು. ಈ ಬಟ್ಟೆಯ ಜೊತೆ ಅವಳು ಎಷ್ಟು ಹೊತ್ತು ಕೂತರೂ ಒಂದು ಸೀನೂ ಬರಲಿಲ್ಲ. ಯಾವತ್ತೂ ಮೊಹೇರ್ ಹರಡಿರುತ್ತಿದ್ದ ನನ್ನ ಕೋಣೆಯಲ್ಲಿ ಅವಳು ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುತ್ತ ಕೂತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕೊನೆಗೆ ತಿರುಗಿಸಿ, ಹದವಾಗಿ ತುಂಬಿದ ಮೇಲೆ, ಹೊಲಿಗೆಯೊಳಗೆ ಸಿಕ್ಕಿಕೊಂಡ ಕೂದಲನ್ನು ಸೂಜಿಯ ತುದಿಯಿಂದ ಎಬ್ಬಿಸುವುದನ್ನು ಹೇಳಿಕೊಟ್ಟೆ. ಒಂದೊಂದೇ ಎಳೆ ಎದ್ದು, ಗೆರೆ ಮಾಯವಾಗುತ್ತ ಬಂತು. ನಾನು ಹೇಳಿದ್ದು ಎಲ್ಲಿ ಹೋಯಿತು, ಅವಳು ಹೊಲಿದದ್ದು ಎಲ್ಲಿ ಹೋಯಿತು, ಅಲ್ಮಾಳ ಬಟ್ಟೆ ಎಲ್ಲಿ ಹೋಯಿತು, ಏನೂ ಕಾಣಲಿಲ್ಲ. ಕರಡಿಯಷ್ಟೇ ಇತ್ತು. ರೀಕೆ ಅದನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ತೆಗೆಯಲಿಲ್ಲ. ನಾನು ನೆಲದ ಮೇಲಿನ ತುಪ್ಪಳ ಗುಡಿಸಿದೆ.

ಕರಡಿ ಚೆನ್ನಾಗಿದೆ. ಎಡಗಾಲು ಬಲಗಾಲಿಗಿಂತ ಕೂದಲೆಳೆಯಷ್ಟು ದಪ್ಪ, ಅದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಆ ಹೊಟ್ಟೆಬಾಕ ಮೊದಲನೇ ಕರಡಿಯನ್ನು ಬಿಚ್ಚಿ ಹಾಕೋಣ ಎಂದೆ, ರೀಕೆ ಬಿಡಲಿಲ್ಲ. ಅವನು ಈಗ ಬಸ್ಸಿನ ಮುಂದಿನ ಗಾಜಿನ ಬಳಿ ಕೂತು ಊರು ಸುತ್ತುತ್ತಾನಂತೆ. ಅಷ್ಟು ಜನರ ಮುಂದೆ ನನ್ನ ಕೈಕೆಲಸ ಎಂದು ಹೇಳಬೇಡ ಎಂದಿದ್ದೇನೆ.

ನಿನ್ನ ಕರಡಿ ಈಗ ತೊಟ್ಟಿಲಿನಲ್ಲಿ ಕೂತಿದೆ. ಬಾಯಿ ಇಲ್ಲ. ಕಪ್ಪು ದಾರವನ್ನು ಸೂಜಿಗೆ ಪೋಣಿಸಿ ಪಕ್ಕದಲ್ಲಿಟ್ಟಿದ್ದೇವೆ. ನಿನ್ನೆ ರೀಕೆ, ಅಜ್ಜಿ, ಬಾಯಿಯನ್ನು ನಿನ್ನ ಹೆಬ್ಬೆರಳು ವಾಸಿಯಾದ ಮೇಲೆ ನೀನೇ ಹೊಲಿ, ಅಲ್ಲಿಯವರೆಗೆ ಕಾಯೋಣ, ಅದು ಹಿರಿಯರ ಸೂಜಿಯ ಕೆಲಸ ಅಲ್ಲವೇ ಎಂದಳು. ಬೇಡ ಎಂದೆ. ಕರಡಿಯನ್ನು ಹೊಲಿದವಳೇ ಬಾಯಿಯನ್ನೂ ಹೊಲಿಯಲಿ. ನಾನು ಪಕ್ಕದಲ್ಲಿ ಕೂತು, ನಿನ್ನ ಮುಖ ನೋಡಿ ಹೇಳುತ್ತೇನೆ: ಇನ್ನೂ ಸ್ವಲ್ಪ ಎಡಕ್ಕೆ, ಈಗ ಮೇಲಕ್ಕೆ, ಸಾಕು. ಅವಳು ಕೇಳುವುದಿಲ್ಲ. ತನಗೆ ಕಂಡಂತೆ ಹೊಲಿಯುತ್ತಾಳೆ. ಹೊಲಿಯಲಿ.

ಅಳುತ್ತ ಬಾ, ಆಕಳಿಸುತ್ತ ಬಾ, ಮುಖ ಸೊಟ್ಟ ಮಾಡಿಕೊಂಡೇ ಬಾ. ನೀನು ಹೇಗೆ ಬಂದರೂ ಅದಕ್ಕೆ ಬೇಕಾದಷ್ಟು ದಾರ ಸೂಜಿಯಲ್ಲಿದೆ. ನಿನ್ನ ಉಸಿರು ಹಗುರವಾಗಿರಲಿ. ನಿನಗೂ ನೀನು ಪ್ರೀತಿಸುವುದಕ್ಕೂ ನಡುವೆ ಯಾವ ಗಾಜೂ ಇಲ್ಲದಿರಲಿ.

ತೊಟ್ಟಿಲ ಬಳಿ ಕುರ್ಚಿ ಎಳೆದುಕೊಂಡು ಕೂತಿರುವ,
ನಿನ್ನ ಮುತ್ತಜ್ಜಿ
ರೋಸ್ವಿತಾ